ಹೆಸರಿನ ಜಾಗದಲ್ಲಿ ಒಂದು ಪೆಟ್ಟು

ಬೆಟಗೇರಿಯ ಊರ ಪದ ಕಟ್ಟಿದವನು ಅಕ್ಬರಸಾಬ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಈಗ ಆ ಪದಕ್ಕೆ ಕುಣಿಯುವ ಹುಡುಗರನ್ನು ಕೇಳಿದರೆ ಅರ್ಧ ಮಂದಿ ಅದು ಅಜ್ಜ ಮುತ್ತಜ್ಜರ ಕಾಲದ್ದು ಅನ್ನುತ್ತಾರೆ, ಇನ್ನರ್ಧ ಮಂದಿ ಮೊಬೈಲಿನಲ್ಲಿ ಬಂದದ್ದು ಅನ್ನುತ್ತಾರೆ. ಎರಡೂ ಸುಳ್ಳು. ಅದು ಬಂದದ್ದು ಕುಣಿಮಗ್ಗದಿಂದ. ಮೀಸೆ ಮೂಡುವ ವಯಸ್ಸಿನಲ್ಲಿ ಅಕ್ಬರಸಾಬ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದಾಗ, ಲಾಳಿ ಆಚೆ ಹೋಗಿ ಈಚೆ ಬರುವ ತಾಳಕ್ಕೆ ಒಂದೊಂದೇ ಸಾಲು ಜೋಡಿಸಿದ. ಎದುರು ಮನೆಯ ಮೈಲಾರಪ್ಪ ತನ್ನ ಮಗ್ಗದ ಮೇಲಿಂದಲೇ, "ಲೇ, ಆ ಸಾಲು ಕುಂಟಾಕತ್ತೈತಿ" ಎಂದು ತಪ್ಪು ತೋರಿಸುತ್ತಿದ್ದ. ಓಣಿ ಅಷ್ಟು ಸಣ್ಣದು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಕೂಗದೆಯೇ ಕೇಳುತ್ತಿತ್ತು.

ಕೇಳ್ರಿ ನಮ್ಮ ಬೆಟಗೇರಿ ಸುದ್ದಿ, ಹಾಸು ಹೊಕ್ಕಿನ ಊರ,
ನೂಲ ನಂಬಿ ಬಾಳೋ ಮಂದಿಗೆ ಇದ ತಾಯಿ ಇದ ತವರ.

ಹೀಗೆ ಶುರುವಾಗುವ ಪದದಲ್ಲಿ ಮುಂದೆ ಬರುವುದೆಲ್ಲ ದುಡಿಯುವವರ ಹೆಸರುಗಳು. ಕೋಟೆ ಕಟ್ಟಿದವರು, ಗುಡಿ ಕಟ್ಟಿಸಿದವರು, ದೇಸಾಯರು, ಸಾವಕಾರರು ಒಬ್ಬರೂ ಇಲ್ಲ. ನೂಲಿಗೆ ಗಂಜಿ ಕಾಸುವ ಫಕ್ಕೀರಪ್ಪನ ಒಲೆ ನೋಡಿ ಸೂರ್ಯ ಏಳುತ್ತಾನೆ. ಬಣ್ಣದ ಶಕೀಲನ ಕೈಯ ಕೆಂಪು ಸಾಲ ತಂದು ಮುಗಿಲು ಸಂಜೆ ಮಾಡುತ್ತದೆ. ಹೀಗೇ ಓಣಿ ಹಿಡಿದು ಮನೆ ಮನೆಯ ಹೆಸರು. ಮೊಹರಮ್ಮಿನ ಕಡೇ ದಿನ ಮಸೂತಿಯ ಪಂಜಾ ದೇವರು ಕೆರೆಗೆ ಹೊರಟ ಮಧ್ಯಾಹ್ನ, ಹೆಜ್ಜೆ ಮೇಳ ಮೊದಲು ಕರ್ಬಲಾದ ದುಃಖದ ಪದ ಹಾಡುತ್ತದೆ, ಆಮೇಲೆ ಊರ ಪದ. ಯಾರ ಹೆಸರು ಬರುತ್ತದೋ ಅವರ ಬಾಗಿಲ ಮುಂದೆ ಮೇಳ ನಿಲ್ಲುತ್ತದೆ. ಹೆಸರಿನವನು ಹೊಸ್ತಿಲಲ್ಲಿ ನಿಂತು "ಓ" ಎಂದು ಓಗೊಡಬೇಕು, ಒಂದು ತಂಬಿಗೆ ನೀರು ತಂದು ಹಾಡುವವರ ಕಾಲಿಗೆ ಹಾಕಬೇಕು. ಕೊನೆಯ ಸಾಲಿನಲ್ಲಿ ಪದ ಕಟ್ಟಿದವನ ಹೆಸರು ಬಂದಾಗ, ಹಿಂದೆ ಬಂದವರೆಲ್ಲ ಸೇರಿ ಅವನಿಗೆ "ಓ" ಅನ್ನುತ್ತಿದ್ದರು. ಆ ಕೂಗಿಗೆ ಗದಗಿನ ಸ್ಟೇಷನ್ನಿನಲ್ಲಿ ನಿಂತ ರೈಲು ಕೂಡ ತಿರುಗಿ ನೋಡುತ್ತಿತ್ತು ಎಂದು ಮೈಲಾರಪ್ಪ ಜಂಬ ಕೊಚ್ಚುತ್ತಿದ್ದ.

ಪದಕ್ಕೆ ಒಂದು ಕಾಯ್ದೆ ಇತ್ತು. ಅದನ್ನು ಮಾಡಿದವನೂ ಅಕ್ಬರಸಾಬನೇ. ಸತ್ತವರ ಹೆಸರು ಹಾಡಬಾರದು. ಹೊರಟು ಹೋದವನನ್ನು ಬಾಗಿಲಲ್ಲಿ ನಿಂತು ಕರೆದರೆ ಅವನು ದಾರಿಯಲ್ಲಿ ತಿರುಗಿ ನಿಲ್ಲುತ್ತಾನೆ, ಮುಂದೆ ಹೋಗಲಾರ, ಹಿಂದೆ ಬರಲಾರ. ಅಪ್ಪ ಸತ್ತರೆ ಮಗ್ಗದ ಮೇಲೆ ಕೂತ ಮಗನ ಹೆಸರು ಅಪ್ಪನ ಜಾಗಕ್ಕೆ ಬರುತ್ತಿತ್ತು. ಆಮೇಲೆ ಮಕ್ಕಳು ಮಗ್ಗದ ಮೇಲೆ ಕೂರುವುದನ್ನು ಬಿಟ್ಟರು. ಗಾರೆ ಕೆಲಸ, ಆಟೋ, ಹೋಟೆಲ್ಲು, ಯಾವುದೋ ಒಂದು. ಖಾಲಿಯಾದ ಜಾಗಕ್ಕೆ ಹಾಕಲು ಹೆಸರಿಲ್ಲದೆ ಅಕ್ಬರಸಾಬ ಮೇಳದ ತೊಗಲು ಹಲಗೆಯ ಒಂದು ಪೆಟ್ಟು ಹಾಕಿಸಿದ. ಹೆಸರು ಬರಬೇಕಾದಲ್ಲಿ ಢಣ್. ಒಂದು ವರ್ಷ ಒಂದು ಪೆಟ್ಟು, ಮರುವರ್ಷ ಇನ್ನೊಂದು. ಈಗ ನೋಡಿದರೆ ಪದದಲ್ಲಿ ಮಾತಿಗಿಂತ ಪೆಟ್ಟೇ ಹೆಚ್ಚು. ತಮಾಷೆಯೆಂದರೆ ಪದ ಖಾಲಿಯಾದಷ್ಟೂ ಹುಡುಗರಿಗೆ ಕುಣಿಯಲು ಹುರುಪು. "ಏನ್ ಬೀಟ್ ಐತಿ ಅಜ್ಜಾ!" ಎಂದು ಅವರು ಹೊಗಳಿದಾಗ ಅಕ್ಬರಸಾಬ ಮುಖ ತಿರುಗಿಸಿಕೊಳ್ಳುತ್ತಿದ್ದ.

ಅಕ್ಬರಸಾಬನ ಮಗ್ಗವೂ ಎಂದೋ ಕಟ್ಟಿಗೆಯ ಲೆಕ್ಕಕ್ಕೆ ಹೋಯಿತು. ಈಗ ಅವನು ಗದಗಿನ ಬಟ್ಟೆ ಅಂಗಡಿಯೊಂದರ ಗೋದಾಮಿನಲ್ಲಿ ಸೂರತ್ತಿನಿಂದ ಬಂದ ಸೀರೆ ಮಡಚುತ್ತಾನೆ. ಮೈಲಾರಪ್ಪ ಮಾತ್ರ ಹಟಮಾರಿ. ಮೊನ್ನೆ ಮೊನ್ನೆಯವರೆಗೆ ಓಣಿಯಲ್ಲಿ ಅವನೊಬ್ಬನ ಲಾಳಿ ಸದ್ದು ಮಾಡುತ್ತಿತ್ತು. ಕಟ್ಟಿದವನ ಹೆಸರು ಬಿಟ್ಟರೆ ಪದದಲ್ಲಿ ಉಳಿದದ್ದೂ ಅವನದೊಂದೇ ಹೆಸರು.

ಲಾಳಿಯ ಮೈಲಾರಿ ಮಗ್ಗಕ ಕುಂತರ ಓಣಿಗೆ ನಿದ್ದಿಲ್ಲ.

ಕೊನೆಯಲ್ಲಿ ಅಕ್ಬರನಿಗೆ "ಓ" ಅನ್ನುವವನೂ ಅವನೊಬ್ಬನೇ. ಅದಕ್ಕಾಗಿ ತನ್ನ ಬಾಗಿಲಿನಿಂದ ಕೆರೆಯ ತಿರುವಿನವರೆಗೆ ಮೇಳದ ಹಿಂದೆ ನಡೆದು ಬರುತ್ತಿದ್ದ.

ಒಂದು ವರ್ಷ ಚಳಿಗಾಲದಲ್ಲಿ ಮೈಲಾರಪ್ಪನ ಎದೆಯಲ್ಲಿ ನೀರು ತುಂಬಿಕೊಂಡಿತು. ಬೇಸಿಗೆಗೆ ಹಾಸಿಗೆ ಹಿಡಿದ. ಮೊಹರಮ್ಮಿನ ಚಂದ್ರ ಕಾಣುವ ಹೊತ್ತಿಗೆ ಅವನನ್ನು ಹುಬ್ಬಳ್ಳಿಯ ದವಾಖಾನೆಗೆ ಸೇರಿಸಿದ್ದರು. ಜೊತೆಗೆ ಹೆಂಡತಿ ಅನ್ನಪೂರ್ಣವ್ವ, ತಮ್ಮನ ಮಗ ವೀರು. ಮಕ್ಕಳಿಲ್ಲದ ಮನೆ.

ಕಡೇ ದಿನ ಬೆಳಿಗ್ಗೆ ಅಕ್ಬರಸಾಬ ಮಸೂತಿಯ ಮುಂದೆ ಕೂತು ಗಂಟಲು ನೆನೆಸಿಕೊಳ್ಳಲು ಬೆಲ್ಲದ ಚಹ ಕುಡಿಯುತ್ತಿದ್ದ. ಆಷಾಢದ ಗಾಳಿ ಓಣಿಯ ಧೂಳನ್ನೆಲ್ಲ ಎತ್ತಿ ಎತ್ತಿ ಒಗೆಯುತ್ತಿತ್ತು. ಮೇಳದ ಮುಂದಾಳು, ಆಟೋ ಹೊಡೆಯುವ ಯೂಸುಫ, ಮೊಬೈಲು ಕೈಯಲ್ಲಿ ಹಿಡಿದುಕೊಂಡೇ ಬಂದ. ಮುಖ ಸಪ್ಪಗಿತ್ತು.

"ಕಾಕಾ, ಖಬರ ಚಲೋ ಇಲ್ಲ. ವೀರು ಫೋನ್ ಮಾಡಿದ್ದ. ದೊಡ್ಡಪ್ಪನ್ನ ಮನಿಗೆ ತರಾಕತ್ತೇವಿ, ಓಣ್ಯಾಗ ಗಾಡಿ ನಿಲ್ಲಿಸಬ್ಯಾಡ್ರಿ, ಆಂಬುಲೆನ್ಸ್ ಬರಬೇಕು ಅಂದ."

"ಮತ್ತೇನಂದ?"

"ಇನ್ನೇನ ಅನ್ನಬೇಕ್ರಿ? ಅಳಾಕತ್ತಿದ್ದ. ಫೋನ್ ಇಟ್ಟಬಿಟ್ಟ."

ಹುಬ್ಬಳ್ಳಿಗೆ ಹೋದವನನ್ನು, ಅದೂ ಆ ಸ್ಥಿತಿಯಲ್ಲಿ ಹೋದವನನ್ನು, ಆಂಬುಲೆನ್ಸಿನಲ್ಲಿ ವಾಪಸು ತರುತ್ತಿದ್ದಾರೆ ಅಂದರೆ ಬೆಟಗೇರಿಯಲ್ಲಿ ಯಾರೂ ಎರಡನೆಯ ಪ್ರಶ್ನೆ ಕೇಳುವುದಿಲ್ಲ. ಚಹ ಮುಗಿಯುವ ಮೊದಲೇ ಯಾರೋ ಮೈಲಾರಪ್ಪನ ಫೋಟೊಕ್ಕೆ ಹೂವಿನ ಚೌಕಟ್ಟು ಹಾಕಿ ಓಣಿಯ ಮೊಬೈಲುಗಳಿಗೆಲ್ಲ ಹಂಚಿಯೂ ಬಿಟ್ಟರು. ಫೋಟೊದಲ್ಲಿ ಮೈಲಾರಪ್ಪ ಯಾವುದೋ ಮದುವೆಯ ಪೇಟಾ ಸುತ್ತಿಕೊಂಡು ನಗುತ್ತಿದ್ದ.

ಅಕ್ಬರಸಾಬ ಎದ್ದು ಹೋಗಿ ಮೈಲಾರಪ್ಪನ ಬಾಗಿಲಲ್ಲಿ ಕಾಯಬಹುದಿತ್ತು. ವೀರುವಿಗೆ ತಿರುಗಿ ಫೋನು ಹಚ್ಚಿಸಬಹುದಿತ್ತು. ಎರಡನ್ನೂ ಮಾಡಲಿಲ್ಲ. ಬಾಲ್ಯದ ಗೆಳೆಯನ ಮುಖಕ್ಕೆ ಬಟ್ಟೆ ಹಾಕಿದ್ದನ್ನು ನೋಡುವ ಧೈರ್ಯ ಅವನಿಗಿರಲಿಲ್ಲ, ಅಷ್ಟೇ. ಉಳಿದ ಚಹವನ್ನು ಮಣ್ಣಿಗೆ ಚೆಲ್ಲಿದ. ಆಮೇಲೆ ಹಲಗೆ ಬಾರಿಸುವ ಮೌನೇಶನನ್ನು ಕರೆದು ಹೇಳಿದ.

"ಮೈಲಾರಿ ಸಾಲಿನ್ಯಾಗ ನೀನ ಬಾರಿಸಬೇಕಪಾ ಇವತ್ತಿಂದ. ಹಗೂರಕ ಬಾರಿಸು. ಅವ ಆರಾಮ ಹೋಗಲಿ."

ಮಧ್ಯಾಹ್ನ ದೇವರು ಎದ್ದವು. ಮೇಳ ಹೊರಟಿತು. ಗಂಜಿ ಒಲೆಯ ಮನೆ ಈಗ ಮೊಬೈಲು ರಿಪೇರಿ ಅಂಗಡಿ, ಅಲ್ಲೊಂದು ಪೆಟ್ಟು. ಬಣ್ಣದ ಶಕೀಲನ ಮನೆ ಬಿದ್ದು ಜಾಲಿ ಬೆಳೆದಿದೆ, ಅಲ್ಲೊಂದು ಪೆಟ್ಟು. ಅಕ್ಬರಸಾಬ ಹಾಡುತ್ತಿದ್ದ, ಆದರೆ ಅವನ ಲಕ್ಷ್ಯವೆಲ್ಲ ಮುಂದೆ ಬರುವ ಮೈಲಾರಪ್ಪನ ಬಾಗಿಲಲ್ಲಿತ್ತು. ಆಂಬುಲೆನ್ಸು ಸಂಜೆಗೆ ಬರಬಹುದು, ಅಷ್ಟರೊಳಗೆ ಆ ಬಾಗಿಲು ದಾಟಿಬಿಡಬೇಕು ಎಂದು ಅವನ ಲೆಕ್ಕ.

ಮೈಲಾರಪ್ಪನ ಬಾಗಿಲು ಅರ್ಧ ತೆರೆದಿತ್ತು. ಅಕ್ಕಪಕ್ಕದವರು ಕಸ ಹೊಡೆದು ತೆರೆದಿಟ್ಟಿರಬೇಕು ಎಂದುಕೊಂಡ. ಕಣ್ಣು ಮುಚ್ಚಿದ.

"ಲಾಳಿಯ..."

ಢಣ್.

"...ಮಗ್ಗಕ ಕುಂತರ ಓಣಿಗೆ ನಿದ್ದಿಲ್ಲ."

ಹುಡುಗರು ಕೇಕೆ ಹಾಕಿ ಕುಣಿದರು. ಅಕ್ಬರಸಾಬ ಕಣ್ಣು ತೆರೆದಾಗ ಹೊಸ್ತಿಲ ಮೇಲೆ ಅನ್ನಪೂರ್ಣವ್ವ ನಿಂತಿದ್ದಳು. ಹಣೆಯ ಮೇಲೆ ಕುಂಕುಮವಿತ್ತು. ಕೈಯಲ್ಲಿ ತುಂಬಿದ ತಂಬಿಗೆ ಇತ್ತು. ಅವಳ ತುಟಿ ಅಲ್ಲಾಡಿದ್ದು ಕಂಡಿತು, ಮಾತು ಹಲಗೆಯ ಸದ್ದಿನಲ್ಲಿ ಕೇಳಲಿಲ್ಲ. ಎರಡನೆಯ ಸಲ ಹೇಳಿದಾಗ ಕೇಳಿತು.

"ಅಣ್ಣಾ, ಅವರು ಇನ್ನೂ ಅದಾರ್ರೀ."

ಅವಳ ಹಿಂದೆ, ಒಳಗಿನ ಮಬ್ಬಿನಲ್ಲಿ, ಮರದ ಹಲಗೆ ಹಾಸಿ ಮುಚ್ಚಿದ ಮಗ್ಗದ ಕುಣಿಯ ಮೇಲೆ ಮಂಚ. ಮಂಚದ ಮೇಲೆ ಎರಡು ದಿಂಬಿಗೆ ಆತು ಎದ್ದು ಕೂತವನು ಮೈಲಾರಪ್ಪ. ಓಗೊಡಲು ತೆರೆದ ಬಾಯಿ ಹಾಗೇ ತೆರೆದಿತ್ತು.

ಅಕ್ಬರಸಾಬ ಹೊಸ್ತಿಲ ಕಡೆಗೆ ತಿರುಗಿದ. ಹಿಂದಿನಿಂದ ಜನ ನೂಕುತ್ತಿದ್ದರು, ದೇವರ ಜೊತೆ ಹೊರಟ ಕಾಲು ಹಿಂದಕ್ಕೆ ತಿರುಗಬಾರದು ಎಂದು ಯಾರೋ ಗದರಿಸಿದರು. ಅವನು ನಿಲ್ಲಬಹುದಿತ್ತು. ನಿಲ್ಲಲಿಲ್ಲ. ಜನ ನೂಕಿದ ಕಡೆಗೆ ಹೋದ. ಕೆರೆಯ ತಿರುವಿನಲ್ಲಿ ತನ್ನ ಹೆಸರಿನ ಸಾಲು ಅವನ ಬಾಯಿಂದ ಬರಲೇ ಇಲ್ಲ. ಯೂಸುಫ ಏನೋ ಹಾಡಿ ಮುಗಿಸಿದ.

ಆಮೇಲೆ ಎಲ್ಲ ತಿಳಿಯಿತು. ಇನ್ನು ತಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಡಾಕ್ಟರು ಹೇಳಿದ್ದು ನಿಜ. ಆದರೆ ಮನೆಗೆ ಒಯ್ಯಿರೆಂದು ಹಟ ಹಿಡಿದವನು ಮೈಲಾರಪ್ಪನೇ. "ಪದಾ ಬರೂ ದಿನ ನಾ ಮನ್ಯಾಗ ಇರಬೇಕು" ಎಂದು ಮೂಗಿನ ನಳಿಕೆ ಕಿತ್ತು ಒಗೆದನಂತೆ. ಎಲ್ಲರೂ ಮಸೂತಿಯ ಮುಂದೆ ಸೇರಿದ್ದ ಹೊತ್ತಿನಲ್ಲಿ ಆಂಬುಲೆನ್ಸು ಹಿಂದಿನ ರಸ್ತೆಯಿಂದ ಬಂದು ಅವನನ್ನು ಇಳಿಸಿ ಹೋಗಿತ್ತು. ಬಂದವನೇ ಮೊದಲು ಕೇಳಿದ್ದು ತಂಬಿಗೆಗೆ ನೀರು ತುಂಬಿದ್ದೀಯಾ ಎಂದು.

ಮರುದಿನ ಅಕ್ಬರಸಾಬ ಹೋದಾಗ ಮೈಲಾರಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಕರೆದರೆ ಓಗೊಡಲಿಲ್ಲ. ಅನ್ನಪೂರ್ಣವ್ವ ಅಕ್ಬರಸಾಬನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತಳು.

"ನಿನ್ನೆಯಿಂದ ಒಂದ ಗುಟುಕು ಗಂಜಿ ಇಳಿಸಿಲ್ರಿ ಅಣ್ಣಾ. ಸತ್ತವಗ ಯಾತರ ಗಂಜಿ ಅಂತಾರ. ಪದದಾಗ ಇಲ್ಲ ಅಂದ ಮ್ಯಾಲ ನಾ ಇಲ್ಲ ಅಂತಾರ. ನೀವ ಏನರ ಮಾಡ್ರಿ."

ಹೋಗುವ ಜೀವ ಹೋಗುತ್ತದೆ, ಅದು ಅಕ್ಬರಸಾಬನಿಗೂ ಗೊತ್ತಿತ್ತು. ಆದರೆ ತನ್ನ ಊರೇ ತನ್ನನ್ನು ಮೊದಲೇ ಒರೆಸಿ ಹಾಕಿತು ಎಂದುಕೊಂಡು, ಹಸಿದ ಹೊಟ್ಟೆಯಲ್ಲಿ ಗೋಡೆ ನೋಡುತ್ತ ಅವನು ಹೋಗುವುದನ್ನು ಹೇಗೆ ಸಹಿಸುವುದು? ಅದನ್ನು ಮಾಡಿದವನು ತಾನು. ಅವನ ಹೆಸರನ್ನು ಅವನಿಗೆ ಕೇಳಿಸುವಂತೆ ವಾಪಸು ಇಡಬೇಕು, ಅವನು ಇರುವಾಗಲೇ ಇಡಬೇಕು. ಬೇರೆ ಯಾವ ಕ್ಷಮೆಯೂ ಸಲ್ಲುವಂತಿರಲಿಲ್ಲ.

ಮೈಲಾರಪ್ಪನ ಬಾಗಿಲಲ್ಲಿ ಪದ ಮತ್ತೆ ಹಾಡೋಣ, ಹಲಗೆ ತಾ ಎಂದು ಕೇಳಿದೊಡನೆ ಮೌನೇಶ ಕೈ ಮುಗಿದುಬಿಟ್ಟ. "ದೇವರು ಕೆರಿಗೆ ಹೋದ ಮ್ಯಾಲ ಹಲಗಿ ಮುಟ್ಟಬಾರದ್ರಿ ಅಜ್ಜಾ. ಅದನ್ನ ಕಲಿಸಿದವರು ನೀವ." ಯೂಸುಫನೂ ತಲೆ ಅಲ್ಲಾಡಿಸಿದ. ಆ ಪದ ವರ್ಷಕ್ಕೆ ಒಮ್ಮೆ, ಅದೂ ಮೇಳದ ಜೊತೆಗೆ. ಹಾಗೆ ನಡುವೆ ಹಾಡಿದರೆ ಓಣಿಗೆ ಒಳ್ಳೆಯದಲ್ಲ ಎಂದು ಹಿರಿಯರು ಅನ್ನುತ್ತಾರೆ ಎಂದ. ಹಿರಿಯರು ಅಂದರೆ ಯಾರು? ಅಕ್ಬರಸಾಬ ಓಣಿಯ ತುಂಬ ಕಣ್ಣಾಡಿಸಿದ. ತನಗಿಂತ ಹಿರಿಯರು ಯಾರೂ ಕಾಣಲಿಲ್ಲ.

ಮನೆಗೆ ಬಂದು ಊಟಕ್ಕೆ ಕೂತವನು ರೊಟ್ಟಿಯನ್ನು ಚೂರು ಮಾಡುತ್ತಲೇ ಇದ್ದ. ಹೆಂಡತಿ ಲಾಲಬಿ ಬಹಳ ಹೊತ್ತು ನೋಡಿದಳು. ಅವಳು ಮಾತಾಡುವುದು ಕಡಿಮೆ, ಆಡಿದರೆ ಚುಚ್ಚುವಂತೆ ಆಡುತ್ತಾಳೆ.

"ಪದಾ ಕಟ್ಟಿದವರು ನೀವು, ಕಾಯ್ದೆ ಮಾಡಿದವರೂ ನೀವು. ಮುರಿಯಾಕ ಊರ ತುಂಬ ಪರವಾನಗಿ ಕೇಳ್ಕೋತ ತಿರಗತೀರಲ್ರೀ, ನಾಚಿಕಿ ಬರೂದಿಲ್ಲೇನು?"

ಅಕ್ಬರಸಾಬ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದ.

ಬಿಸಿಲು ಮೋಡದ ಹಿಂದೆ ಹೋಗಿ ಬಂದು ಮಾಡುತ್ತಿದ್ದ ಹೊತ್ತು. ನಳದ ಹತ್ತಿರ ಹೆಂಗಸರು ಕೊಡ ಹಚ್ಚಿ ನಿಂತಿದ್ದರು. ಮೈಲಾರಪ್ಪನ ಬಾಗಿಲ ಮುಂದೆ, ಓಣಿಯ ನಟ್ಟನಡುವೆ, ಅಕ್ಬರಸಾಬ ಒಬ್ಬನೇ ನಿಂತುಕೊಂಡ. ಹಲಗೆಯಿಲ್ಲ, ಮೇಳವಿಲ್ಲ. ಎಲ್ಲಿಂದ ಶುರುಮಾಡುವುದು? ಬರೀ ಮೈಲಾರಿಯ ಸಾಲು ಹಾಡಿದರೆ ಅದು ಪದವಾಗುವುದಿಲ್ಲ, ಸಮಾಧಾನದ ಮಾತಾಗುತ್ತದೆ. ಅಂಥದ್ದನ್ನು ಮೈಲಾರಿ ಉಗುಳಿಬಿಡುತ್ತಾನೆ. ಅದಕ್ಕೆ ಮೊದಲಿನಿಂದ ಹಿಡಿದ. ಮೊದಲಿನಿಂದ ಅಂದರೆ ಪೆಟ್ಟುಗಳಿಲ್ಲದ ಕಾಲದಿಂದ. ಗಂಜಿ ಕಾಸುವ ಫಕ್ಕೀರಪ್ಪ ಎಂದು ದನಿ ಎತ್ತಿ ಹಾಡಿದ. ಆ ಹೆಸರು ಆ ಓಣಿಯಲ್ಲಿ ಕೇಳಿ ಎಷ್ಟೋ ವರ್ಷವಾಗಿತ್ತು.

ಒಳಗಿನಿಂದ ಸಣ್ಣದೊಂದು ದನಿ ಬಂತು.

"ಓ."

ಅಕ್ಬರಸಾಬ ತನ್ನ ಕಿವಿಯನ್ನು ನಂಬಲಿಲ್ಲ. ಬಣ್ಣದ ಶಕೀಲನ ಸಾಲು ಹಾಡಿದ.

"ಓ."

ನಳದ ಹೆಂಗಸರು ಮಾತು ನಿಲ್ಲಿಸಿದರು. ಕೊಡ ತುಂಬಿ ಹೊರಗೆ ಚೆಲ್ಲುತ್ತಿದ್ದರೂ ಯಾರೂ ಅತ್ತ ನೋಡಲಿಲ್ಲ. ಹೆಸರಿನ ಮೇಲೆ ಹೆಸರು ಬಂತು. ನೂಲು ಸುತ್ತುವವರು, ಹಾಸು ಹೂಡುವವರು, ಮಗ್ಗದ ಕಟ್ಟಿಗೆ ಕೆತ್ತುವವರು, ಒಬ್ಬರಾದ ಮೇಲೊಬ್ಬರು ಮಣ್ಣಿನಿಂದ ಎದ್ದು ಬಂದರು. ಪ್ರತಿ ಹೆಸರಿಗೂ ಒಳಗಿನಿಂದ ಅದೇ ಬತ್ತಿದ ದನಿ ಓಗೊಟ್ಟಿತು. ಅಕ್ಬರಸಾಬನ ಕಣ್ಣಿಂದ ನೀರು ಇಳಿದು ಗಡ್ಡ ತೋಯ್ದಿತು. ಒರೆಸಿಕೊಳ್ಳಲಿಲ್ಲ. ಕೊನೆಗೆ ಆ ಸಾಲು ಬಂತು.

"ಲಾಳಿಯ ಮೈಲಾರಿ ಮಗ್ಗಕ ಕುಂತರ ಓಣಿಗೆ ನಿದ್ದಿಲ್ಲ."

ಒಳಗೆ ಸದ್ದಿಲ್ಲ.

ಮತ್ತೊಮ್ಮೆ ಹಾಡಿದ. ಸದ್ದಿಲ್ಲ. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದ.

ಮೈಲಾರಪ್ಪ ಕಣ್ಣು ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದ. ಮುಖ ಗೋಡೆಯ ಕಡೆ ಇರಲಿಲ್ಲ.

"ಹೆದರಿಸಿದ್ಯಲ್ಲಲೇ," ಎಂದು ಅಕ್ಬರಸಾಬ ಮಂಚದ ಕಾಲಿಗೆ ಆತುಕೊಂಡು ಕೆಳಗೆ ಕುಸಿದ. "ಸತ್ತವರಿಗೆಲ್ಲ ಓ ಅಂದಿ. ನಿನ್ನ ಹೆಸರಿಗೆ ಯಾಕ ಬಾಯಿ ಮುಚ್ಚಿದಿ? ಇನ್ನೂ ಸಿಟ್ಟೈತೇನು?"

"ಸಿಟ್ಟ ಇತ್ತು." ಮೈಲಾರಪ್ಪನ ಮಾತು ಉಸಿರಿನ ನಡುನಡುವೆ ಬರುತ್ತಿತ್ತು. "ಆ ಪೆಟ್ಟ ಬಿದ್ದಾಗ ಎದಿಗೇ ಬಿತ್ತು. ಸತ್ತ ಮ್ಯಾಲ ಹೆಂಗಿರ್ತತಿ ಅಂತ ಬದುಕಿದ್ದಾಗ ನೋಡಿದೆ. ಹುಡುಗರು ಎಷ್ಟ ಚಂದ ಕುಣದರಲೇ ಅಕ್ಬರಾ."

ಅಕ್ಬರಸಾಬ ಮಂಚದಿಂದ ಜಾರಿದ ಹೊದಿಕೆಯನ್ನು ಎತ್ತಿ ಅವನಿಗೆ ಹೊದಿಸಿದ.

"ಅವರಿಗೆಲ್ಲ ಓ ಅನ್ನಾಕ ಯಾರದಾರ? ಅದಕ್ಕ ನಾ ಅಂದೆ. ನನಗ ನೀ ಅದಿ. ನೀ ಅನ್ನು. ನಾ ಕೇಳಬೇಕು."

"ಇದ್ದವಗ ಇನ್ನೊಬ್ರು ಓ ಅನ್ನಬಾರದೋ."

"ಇಲ್ಲ ಅಂತ ನೀನ ಹಾಡಿ ಹೋಗಿಯಲ್ಲ," ಎಂದು ಮೈಲಾರಪ್ಪ ತುಸು ನಕ್ಕ. "ಇನ್ನ ಮ್ಯಾಲ ಸತ್ತವರ ಹೆಸರು ಪದದಾಗಿಂದ ತಗೀಬ್ಯಾಡ. ತಿರುಗಿ ನಿಂತರ ನಿಂತಾರ, ಎಲ್ಲಿಗಿ ಅವಸರ ಐತಿ ಅವರಿಗೆ? ಹಾಡು."

ಅಕ್ಬರಸಾಬ ಆ ಸಾಲನ್ನು ಮತ್ತೆ ಹಾಡಿದ. ಹಾಡಿ ತಾನೇ "ಓ" ಎಂದ. ದನಿ ಒಡೆದು ಅರ್ಧಕ್ಕೆ ನಿಂತಿತು. "ಜೋರಾಗಿ" ಎಂದ ಮೈಲಾರಪ್ಪ. ಎರಡನೆಯ ಸಲ ಅದು ಓಣಿಯ ಆ ತುದಿಯವರೆಗೆ ಕೇಳಿರಬೇಕು. ಮೈಲಾರಪ್ಪ ಹೆಂಡತಿಗೆ ಕಣ್ಣಿನಲ್ಲೇ ಹೇಳಿದ. ಅನ್ನಪೂರ್ಣವ್ವ ಅದೇ ತಂಬಿಗೆ ತಂದು, ಮನೆಯೊಳಗೇ, ಅಕ್ಬರಸಾಬನ ಕಾಲಿಗೆ ನೀರು ಹಾಕಿದಳು. ನೀರು ಹಾಸಿದ ಹಲಗೆಗಳ ಸಂದಿಯಿಂದ ಕೆಳಗೆ ಮಗ್ಗದ ಕುಣಿಗೆ ಇಳಿಯಿತು.

ಆಮೇಲೆ ಮೈಲಾರಪ್ಪ ಎರಡು ಚಮಚೆ ಗಂಜಿ ಕುಡಿದ. ಮೂರನೆಯದನ್ನು ಕೈಯಿಂದ ತಡೆದು ಕೇಳಿದ.

"ನಂದೇನೋ ಆತು. ನಾ ಹೋದ ಮ್ಯಾಲ ನಿನ್ನ ಹೆಸರಿಗೆ ಯಾರಲೇ?"

ಅಕ್ಬರಸಾಬ ಒದ್ದೆ ಕಾಲು ಒರೆಸಿಕೊಂಡ.

"ಹಲಗಿ ಐತೆಲ್ಲ."

ಇಬ್ಬರೂ ನಕ್ಕರು. ಮೈಲಾರಪ್ಪನಿಗೆ ಕೆಮ್ಮು ಹತ್ತಿ, ಅನ್ನಪೂರ್ಣವ್ವ ಇಬ್ಬರನ್ನೂ ಬೈದಳು.

ಮೈಲಾರಪ್ಪ ಅಮಾವಾಸ್ಯೆಯವರೆಗೆ ಬದುಕಲಿಲ್ಲ. ದಿನಕರ್ಮಗಳು ಮುಗಿದ ಮೇಲೆ ವೀರು ದೊಡ್ಡವ್ವನನ್ನು ಲಕ್ಷ್ಮೇಶ್ವರಕ್ಕೆ ಕರೆದುಕೊಂಡು ಹೋದ, ಅವನಿಗೆ ಅಲ್ಲಿ ಕಾಳಿನ ಅಂಗಡಿಯಲ್ಲಿ ಕೆಲಸ. ಮನೆಗೆ ಬೀಗ ಬಿತ್ತು.

ಮರುವರ್ಷ ಮೊಹರಮ್ಮಿನಲ್ಲಿ ಅಕ್ಬರಸಾಬ ಪದವನ್ನು ಪೂರ್ತಿ ಹಾಡಲು ಹೊರಟ. ಆಗಲಿಲ್ಲ. ಗಂಜಿ ಒಲೆಯ ಮನೆಯ ಮುಂದೆ "ಫಕ್ಕೀರಪ್ಪ" ಅನ್ನುವಷ್ಟರಲ್ಲಿ ಮೌನೇಶನ ಕೈ ರೂಢಿಯಂತೆ ಹಲಗೆಯ ಮೇಲೆ ಬಿದ್ದಿತ್ತು, ಹುಡುಗರು ಕುಣಿದು ಮುಂದೆ ಹೋಗಿಯೂ ಆಗಿತ್ತು. ಶಕೀಲನ ಹೆಸರೂ ಹಾಗೇ ಮುಳುಗಿತು. ಮುದುಕನ ದನಿ ಎಷ್ಟು, ಹಲಗೆಯ ದನಿ ಎಷ್ಟು. ಮೈಲಾರಪ್ಪನ ಬೀಗದ ಬಾಗಿಲ ಮುಂದೆ ಮಾತ್ರ ಅಕ್ಬರಸಾಬ ಮುಂದೆ ನುಗ್ಗಿ ಹಲಗೆಯ ತೊಗಲಿನ ಮೇಲೆ ತನ್ನ ಅಂಗೈ ಒತ್ತಿ ಹಿಡಿದ. ಸದ್ದು ನಿಂತಿತು. ಹೆಸರು ಹಾಡಿದ. ತಾನೇ "ಓ" ಎಂದ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊಬೈಲು ಎತ್ತಿ ವಿಡಿಯೋ ಮಾಡುತ್ತಿದ್ದವನೊಬ್ಬ ಅದನ್ನು ಇಳಿಸಿದ.

"ಕಾಕಾಗ ವಯಸ್ಸಾತು," ಎಂದು ಯೂಸುಫ ಮೆಲ್ಲಗೆ ಹೇಳಿ, ಅವನ ಕೈಯನ್ನು ಹಲಗೆಯಿಂದ ಬಿಡಿಸಿದ.

ಕೆರೆಯ ತಿರುವು ಬಂತು. ಹಿಂದೆ ಮೈಲಾರಪ್ಪ ಬಂದು ನಿಲ್ಲುತ್ತಿದ್ದ ಜಾಗದಲ್ಲಿ ಶರಬತ್ತಿನ ಗಾಡಿ ನಿಂತಿತ್ತು. ಅಕ್ಬರಸಾಬ ಕೊನೆಯ ಸಾಲು ಎತ್ತಿದ.

"ಹಾಡಿದವ ಅಕ್ಬರ ಬೆಟಗೇರಿಯವ, ಊರ ಬಿಟ್ಟರ ಹೆಸರಿಲ್ಲ."

ಹಾಡಿ ನಿಂತ. ಓಗೊಡುವವರಿಗಾಗಿ ಬಿಡುವ ಜಾಗವನ್ನು ಬಿಟ್ಟು, ಜನರ ಮುಖಗಳನ್ನು ಒಂದೊಂದಾಗಿ ನೋಡಿದ. ಬಿಸಿಲಿಗೆ ಬೆವತ ಮುಖಗಳು, ಚಂದದ ಮುಖಗಳು, ಎಲ್ಲರೂ ಮುಂದೇನು ಎಂದು ಅವನನ್ನೇ ನೋಡುತ್ತಿದ್ದರು. ಮೌನೇಶನಿಗೆ ಅಜ್ಜ ಯಾಕೆ ನಿಂತ ಎಂದು ತಿಳಿಯಲಿಲ್ಲ. ಖಾಲಿ ಜಾಗ ಬಂದರೆ ಏನು ಮಾಡಬೇಕು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅಜ್ಜನೇ ಕಲಿಸಿದ್ದ. ಅವನು ಕೋಲು ಎತ್ತಿ ಹಲಗೆಗೆ ಒಂದು ಪೆಟ್ಟು ಹಾಕಿದ.

ಹುಡುಗರು ಕೇಕೆ ಹಾಕಿ ಕುಣಿದರು.